ಶಿರಿಯದ ಜಗಲಿಯಲ್ಲಿ ಕೇಳಿದ ಖಬರ್

ಇದನ್ನು ನೀವು ನಂಬುವುದಿಲ್ಲ. ನಂಬಬೇಡಿ, ನೋಡೋಣ. ಸೀತಾಂಗೋಳಿಯ ಚಹದ ಅಂಗಡಿಯಲ್ಲಿ ನನ್ನ ಮಾತು ನಂಬಿದವರು ಇವತ್ತಿನವರೆಗೆ ಒಬ್ಬರೂ ಇಲ್ಲ. ಆದರೂ ನಾನು ಹೋಗಿ ಬೆಂಚಿನಲ್ಲಿ ಕೂತ ಕೂಡಲೇ ಟಿವಿಯ ಧ್ವನಿ ಸಣ್ಣ ಮಾಡುತ್ತಾರೆ. ಅಷ್ಟು ಸಾಕು ನನಗೆ. ಪಂಥ ಕಟ್ಟಿಯೇ ಹೇಳುತ್ತೇನೆ: ಇದರಲ್ಲಿ ಒಂದೇ ಒಂದು ವಿವರ ನಾನು ಹುಟ್ಟಿಸಿದ್ದು, ಉಳಿದದ್ದೆಲ್ಲ ನಡೆದದ್ದು. ನಾನು ಬಾಯಿ ಬಿಡುವ ಮೊದಲೇ ಅದು ಯಾವುದೆಂದು ಹಿಡಿದವರಿಗೆ ಒಂದು ಪ್ಲೇಟು ಗೋಳಿಬಜೆ ನನ್ನ ಕಡೆಯಿಂದ.

ನಾನು ಬೇರೆಯವರ ಯುದ್ಧಗಳ ಸುದ್ದಿ ಬರೆದು ಬದುಕಿದವನು. ವಿದೇಶ ವರದಿಗಾರ ಎಂಬುದು ಗುರುತಿನ ಚೀಟಿಯ ಮೇಲಿನ ಹೆಸರು, ಊರಿನಲ್ಲಿ ನಾನು ಪೇಪರಣ್ಣ. ಎಂತೆಂಥ ಸೇನಾಪತಿಗಳು ನನಗೆ ಚಹ ಮಾಡಿ ಕೊಟ್ಟಿದ್ದಾರೆ. ಸಕ್ಕರೆ ಸಾಲದು ಎಂದು ಒಬ್ಬನಿಗೆ ಗದರಿದ್ದೂ ಉಂಟು. ಪುಸ್ತಕ ಬರೆದೆ, ಅದು ದೊಡ್ಡ ದೊಡ್ಡ ದೇಶಗಳ ಅಂಗಡಿಗಳಲ್ಲಿ ಮಾರಿಹೋಯಿತು. ಕಡಲಾಚೆಗೆ ಕರೆದು ಪ್ರಶಸ್ತಿಯನ್ನೂ ಕೊಟ್ಟರು. ಗಾಜಿನದ್ದು, ಮೇಲೆ ಎರಡಾಗಿ ಸೀಳಿಕೊಂಡಿದೆ. ಅದನ್ನು ಹೊಳೆಬದಿಯ ಶಿರಿಯಕ್ಕೆ ಕೊಂಡುಹೋಗಿ ನನ್ನ ಗೆಳೆಯನಿಗೆ ತೋರಿಸಿದಾಗ ಅವನು ತಿರುಗಿಸಿ ಮುರುಗಿಸಿ ನೋಡಿದ.

"ಎಂತ ಮಾರಾಯ, ಇಷ್ಟು ವರ್ಷ ಗುಂಡಿನ ಎದುರು ಓಡಿದ್ದಕ್ಕೆ ಒಂದು ಬಂಗುಡೆಯ ಬಾಲ ಕೊಟ್ಟದ್ದಾ?"

ಅವನು ಮೀನಿನ ವ್ಯಾಪಾರಿ. ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನದ್ದು ಬ್ಯಾರಿ ಮುಸ್ಲಿಮರ ಮನೆ, ನನ್ನದು ಕನ್ನಡ ಮನೆ, ಕೀಟಲೆ ಮಾತ್ರ ಇಬ್ಬರದ್ದೂ ಒಂದೇ ಜಾತಿ. ನಾನು ಸ್ವಲ್ಪ ಮುಂದೆ. ಯಾರ ಧ್ವನಿಯನ್ನಾದರೂ ಕೇಳಿದ ಕೂಡಲೇ ಹಾಗೆಯೇ ತೆಗೆಯಬಲ್ಲೆ. ಅವನು ಗಲ್ಫಿನಲ್ಲಿದ್ದಾಗ ಒಮ್ಮೆ ಅವನ ಅರಬಿ ಯಜಮಾನನ ಧ್ವನಿಯಲ್ಲಿ ಫೋನು ಮಾಡಿ, ನಿನ್ನ ವೀಸಾ ರದ್ದಾಗಿದೆ, ಪೆಟ್ಟಿಗೆ ಕಟ್ಟು ಎಂದಿದ್ದೆ. ಅವನು ನಿಜವಾಗಿ ಪೆಟ್ಟಿಗೆ ಕಟ್ಟಿದ. ಊರಿಗೂ ಫೋನು ಮಾಡಿ ಹೇಳಿದ. ಆ ದಿನ ಅವನ ಹೆಂಡತಿ ಒಲೆ ಹಚ್ಚಲಿಲ್ಲವಂತೆ. ಆ ಸಂಗತಿಯನ್ನು ಆಕೆ ಇವತ್ತಿಗೂ ಮರೆತಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸಂಗತಿಯೂ ಬೇಕಾಗುತ್ತದೆ. ನನ್ನನ್ನು ಮೊದಲು ಕಳಿಸಿದ್ದು ಕೆಂಪು ಸಮುದ್ರದ ಅಂಚಿನ ಒಂದು ದೇಶಕ್ಕೆ. ಹೆಸರು ಹೇಳುವುದಿಲ್ಲ, ಅಲ್ಲಿ ನನ್ನವನೊಬ್ಬ ಇನ್ನೂ ಬದುಕಬೇಕಾಗಿದೆ. ನಮ್ಮ ಕಸುಬಿನಲ್ಲಿ ಅಂಥವನಿಗೆ ಫಿಕ್ಸರ್ ಎನ್ನುತ್ತಾರೆ. ಕಾರು ಓಡಿಸುವವನು ಅವನು, ಮಾತನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುವವನು ಅವನು, ಯಾವ ರಸ್ತೆಯಲ್ಲಿ ಹೋದರೆ ಸಾಯುವುದಿಲ್ಲ ಎಂದು ತಿಳಿದವನೂ ಅವನೇ. ಬರೆದದ್ದರ ಕೆಳಗೆ ಹೆಸರು ಮಾತ್ರ ನಮ್ಮದು.

ಒಂದು ಬೆಳಿಗ್ಗೆ ಅವನು ಹೋಟೆಲಿನ ಮೆಟ್ಟಿಲು ಹಾರಿಕೊಂಡು ಬಂದು "ಖಬರ್! ಖಬರ್!" ಎಂದ. ನನ್ನದು ಬ್ಯಾರಿಗಳ ನಡುವೆ ಬೆಳೆದ ಕಿವಿ. ನಮ್ಮಲ್ಲಿ ಖಬರ್ ಎಂದರೆ ಗೋರಿ. ಖಬರಸ್ತಾನದ ಖಬರ್. ನಾನು ಟೊಪ್ಪಿ ತೆಗೆದು, ಮುಖ ಸಣ್ಣ ಮಾಡಿ, ಅವನ ಹೆಗಲಿನ ಮೇಲೆ ಕೈಯಿಟ್ಟು ತೀರಿಕೊಂಡವರು ಯಾರು ಎಂದು ಕೇಳಿದೆ. ಅವನಿಗೆ ತಲೆಬುಡ ತಿಳಿಯಲಿಲ್ಲ. ಅರಬಿಯಲ್ಲಿ ಖಬರ್ ಎಂದರೆ ಸುದ್ದಿ. ಮಂತ್ರಿಯೊಬ್ಬ ದೇಶ ಬಿಟ್ಟು ಓಡಿಹೋದ ಸುದ್ದಿ ತಂದಿದ್ದ ಪುಣ್ಯಾತ್ಮ. ಗೋರಿಯ ಶಬ್ದಕ್ಕೆ ಅವರಲ್ಲಿ ಅಕ್ಷರವೇ ಬೇರೆ, ಆ ದೇಶದವರ ಬಾಯಲ್ಲಿ ಅದು "ಗಬರ್". ನಮ್ಮೂರಿನ ನಾಲಿಗೆಯಲ್ಲಿ ಎರಡೂ ಕಲಸಿಹೋಗಿವೆ. ಸುದ್ದಿ ಬರೆಯಲು ಬಂದವನು ಗೋರಿ ಹುಡುಕಿದನೆಂದು ಅವನು ಇಡೀ ಊರಿಗೆ ಹೇಳಿಕೊಂಡು ನಕ್ಕ. ಅಂದಿನಿಂದ ಅವನಿಗೆ ನಾನು "ಅಬು ಗಬರ್". ಗೋರಿಗಳ ಅಪ್ಪ. ನನ್ನಷ್ಟೇ ಪೋಕರಿ ಅವನು, ಅದಕ್ಕೇ ನಮ್ಮಿಬ್ಬರ ಸ್ನೇಹ ಕೆಡಲಿಲ್ಲ.

ನಾನು ನಿವೃತ್ತನಾಗಿ ಊರಿಗೆ ಬಂದೆ. ಆ ದೇಶದಲ್ಲಿ ಮಾತ್ರ ಯುದ್ಧಕ್ಕೆ ನಿವೃತ್ತಿ ಇರಲಿಲ್ಲ. ಈಚೆಗೆ ಅದು ಮತ್ತೆ ಹೊತ್ತಿಕೊಂಡಾಗ ಅಲ್ಲಿಯ ಬಂದರು ಪಟ್ಟಣದ ಒಂದು ಬೇಕರಿಯಲ್ಲಿ ನನ್ನ ಗೆಳೆಯನ ಮಗ ಕೆಲಸಕ್ಕಿದ್ದ. ಒಬ್ಬನೇ ಮಗ. ಬೇಕರಿಯ ಬೀದಿಗೆ ಬಾಂಬು ಬಿತ್ತೆಂದು ಟಿವಿಯಲ್ಲಿ ಬಂತು. ಅವತ್ತಿನಿಂದ ಅವನ ಫೋನಿಲ್ಲ.

ಕೆಲವು ದಿನ ಕಳೆದು ಗೆಳೆಯ ನನ್ನ ಮನೆಗೆ ಬಂದ. ಯಾವಾಗಲೂ ಗೇಟಿನಿಂದಲೇ ಬೈದುಕೊಂಡು ಬರುವವನು ಅವತ್ತು ಚಪ್ಪಲಿ ಕಳಚಿಟ್ಟು ಮೆಲ್ಲಗೆ ಬಂದು ನಿಂತ.

"ಅಲ್ಲಿ ನನಗೆ ಜನ ಉಂಟು ಅಂತ ನೀನು ಹೇಳ್ತಿದ್ದಿಯಲ್ಲ, ಅದು ನಿಜವಾ, ಬುರುಡೆಯಾ? ಜೀವಮಾನದಲ್ಲಿ ಒಂದು ಸಲ ನಿಜ ಹೇಳು ಮಾರಾಯ."

"ನಿಜ," ಎಂದೆ.

ಹುಡುಗನ ಫೋಟೋವನ್ನೂ ಬೇಕರಿಯ ಹೆಸರನ್ನೂ ಫಿಕ್ಸರನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಒಂದು ಗೀಟು ಬಿತ್ತು. ಎರಡನೆಯದು ಬೀಳಲಿಲ್ಲ, ಅಂದರೆ ಅವನಿಗೆ ಮುಟ್ಟಿಲ್ಲ. ಆಮೇಲೆ ನನ್ನ ಫೋನು ನನ್ನದಾಗಿ ಉಳಿಯಲಿಲ್ಲ. ಗೆಳೆಯನ ಹೆಂಡತಿಗೆ ಅದು ಕಣ್ಣ ಮುಂದೆಯೇ ಇರಬೇಕು. ನಾನು ದಿನವೂ ಮಧ್ಯಾಹ್ನ ಶಿರಿಯಕ್ಕೆ ಹೋಗುವುದು, ಜಗಲಿಯ ಸಣ್ಣ ಮೇಜಿನ ಮೇಲೆ ಫೋನಿಡುವುದು, ನಾವು ಮೂವರೂ ಅದರ ಸುತ್ತ ಕೂರುವುದು. ಆಕೆ ಅದಕ್ಕೊಂದು ಬಟ್ಟೆ ಹಾಸಿದ್ದಳು.

ಒಂದು ಮಧ್ಯಾಹ್ನ ಎರಡನೇ ಗೀಟು ಬಿತ್ತು. ನೋಡನೋಡುತ್ತಿದ್ದಂತೆ ಎರಡೂ ನೀಲಿಯಾದವು. ಆಮೇಲೆ ಅರ್ಧ ಗಂಟೆ ಕಾದೆವು. ಫೋನು ಒಮ್ಮೆ ಗುಣುಗಿತು. ಧ್ವನಿ ಸಂದೇಶ.

"ದೊಡ್ಡದಾಗಿ ಹಾಕಿ ಅಣ್ಣ," ಎಂದಳು ಆಕೆ.

ಹಾಕಿದೆ. ಗಾಳಿಯ ಸದ್ದು, ಲಾರಿಯ ಸದ್ದು, ಅವುಗಳ ನಡುವೆ ಓಡಿ ದಣಿದವನಂಥ ಧ್ವನಿ. "ಯಾ ಅಬು ಗಬರ್… ಫೀ ಖಬರ್…" ಮುಂದಿನದು ಕೇಳಬೇಕು, ಅಷ್ಟರಲ್ಲಿ ಹೊಳೆಯ ಸೇತುವೆಯ ಮೇಲೆ ರೈಲು. ಶಿರಿಯದ ಜನರಿಗೆ ಅದು ಅಭ್ಯಾಸ, ಮಾತು ನಿಲ್ಲಿಸಿ ರೈಲು ದಾಟಿದ ಮೇಲೆ ಮುಂದುವರಿಸುತ್ತಾರೆ. ಫೋನಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ರೈಲು ದಾಟುವಾಗ ಸಂದೇಶ ಮುಗಿದಿತ್ತು. ಮತ್ತೆ ಹಾಕಿ ಕೇಳಿದರೂ ನಡುವಿನ ಮಾತೆಲ್ಲ ಗಾಳಿಗೂ ಲಾರಿಗೂ ಹೋಗಿತ್ತು, ಕೊನೆಯಲ್ಲಿ ಏನೋ ಹೇಳುತ್ತಿದ್ದ, ಅದೂ ಅರ್ಧದಲ್ಲಿ ಕತ್ತರಿಸಿಹೋಗಿತ್ತು.

ಗೆಳೆಯ ಗೋಡೆಗೆ ಒರಗಿದ. "ಫೀ ಖಬರ್," ಎಂದ. "ಮದ್ರಸದಲ್ಲಿ ನಾನೂ ಕಲಿತಿದ್ದೇನೆ. ಫೀ ಅಂದ್ರೆ ಒಳಗೆ. ಖಬರಿನ ಒಳಗೆ."

"ಅಲ್ಲ ಮಾರಾಯ! ಅದು ಪುಸ್ತಕದ ಅರಬಿ. ಬೀದಿಯ ಅರಬಿಯಲ್ಲಿ ಫೀ ಅಂದ್ರೆ ಉಂಟು. ನಮ್ಮ ಉಂಟು. ಖಬರ್ ಅಂದ್ರೆ ಸುದ್ದಿ. ಸುದ್ದಿ ಉಂಟು ಅಂತ ಹೇಳಿದ್ದು ಅವ."

"ಎಂತ ಸುದ್ದಿ?"

ಸುದ್ದಿ ಒಳ್ಳೆಯದಾಗಿದ್ದರೆ ಫಿಕ್ಸರ್ ಮೊದಲು ನಗುತ್ತಾನೆ. ಈ ಧ್ವನಿಯಲ್ಲಿ ನಗು ಇರಲಿಲ್ಲ. ಅದು ನನಗೆ ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ.

"ನೀನು ಸಮಾಧಾನ ಮಾಡ್ಲಿಕ್ಕೆ ಅರ್ಥ ತಿರುಗಿಸಿ ಹೇಳ್ತಾ ಇದ್ದಿ," ಎಂದ ಗೆಳೆಯ. "ವೀಸಾ ಕ್ಯಾನ್ಸಲ್ ಮಾಡಿದವ ಅಲ್ವಾ ನೀನು?"

ಆಕೆ ಅಳಲಿಲ್ಲ. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಉಸ್ತಾದರನ್ನು ಕರೀರಿ," ಎಂದಳು.

ಉಸ್ತಾದರು ಅಲ್ಲಿಯ ಮಸೀದಿಯಲ್ಲಿ ಮಕ್ಕಳಿಗೆ ಅರಬಿ ಕಲಿಸುವವರು. ಸಣ್ಣ ಪ್ರಾಯ, ಸಣ್ಣ ಧ್ವನಿ. ಬಂದು ಕೂತು, ಸಂದೇಶವನ್ನು ಕಿವಿಗೊತ್ತಿ ಕೇಳಿದರು. ಮತ್ತೆ ಕೇಳಿದರು.

"ಪೇಪರಣ್ಣ ಹೇಳುವುದು ಸುಳ್ಳಲ್ಲ," ಎಂದರು. ನಾನು ಗೆಳೆಯನ ಕಡೆಗೆ ನೋಡಿದೆ. "ಅರಬಿಯಲ್ಲಿ ಸುದ್ದಿಗೆ ಒಂದು ಅಕ್ಷರ, ಗೋರಿಗೆ ಇನ್ನೊಂದು. ಬರೆದು ತೋರಿಸಿದ್ರೆ ಮಕ್ಕಳೂ ಹೇಳ್ತಾರೆ. ಇಲ್ಲಿ ಬರೀ ಧ್ವನಿ ಅಲ್ವಾ? ಆದ್ರೂ ಇದು ಸುದ್ದಿಯ ಅಕ್ಷರದ ಹಾಗೆಯೇ ಕೇಳ್ತದೆ."

"ಕೇಳಿದಿಯಾ?" ಎಂದೆ. "ಗೋರಿ ಅಂತ ಆಗಿದ್ರೆ ಆ ದೇಶದವ ಗಬರ್ ಅಂತಿದ್ದ."

ಉಸ್ತಾದರು ನನ್ನ ಮುಖ ನೋಡಿದರು. "ಗಬರ್ ಅಂತಲೂ ಉಂಟಲ್ಲ ಅಣ್ಣ. ಒಂದಲ್ಲ, ಎರಡು ಸಲ. ಸುರುವಿಗೆ ಒಂದು, ಕಡೆಗೆ ಒಂದು."

"ಅದು ನಾನು," ಎಂದೆ.

"ಎಂತದು?"

"ಅಬು ಗಬರ್ ಅಂದ್ರೆ ನಾನು. ಗೋರಿಗಳ ಅಪ್ಪ. ಅವ ನನಗೆ ಇಟ್ಟ ಅಡ್ಡಹೆಸರು."

ಹೇಳುವಾಗಲೇ ನನಗೂ ಗೊತ್ತಾಯಿತು, ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಗೆಳೆಯ ಎದ್ದು ನಿಂತ. ಅವನ ಕುತ್ತಿಗೆಯ ನರ ಉಬ್ಬಿತ್ತು.

"ಗೋರಿಗಳ ಅಪ್ಪನಾ? ಮಗ ಸತ್ತ ಮನೆಯಲ್ಲಿಯೂ ನಿನ್ನ ತಮಾಷೆಯಾ?"

"ಸತ್ತ ಅಂತ ಹೇಳ್ಬೇಡಿ," ಎಂದಳು ಆಕೆ.

"ಮತ್ತೆ ಎಂತ ಹೇಳುವುದು? ದಿನಾ ಈ ಫೋನಿನ ಮುಖ ನೋಡಿ ನನಗೆ ಸಾಕಾಯ್ತು. ಉಸ್ತಾದ್, ಅಸರ್ ನಮಸ್ಕಾರ ಆದ ಮೇಲೆ ಮಯ್ಯತ್ ನಮಸ್ಕಾರ ಮಾಡುವ. ಮಯ್ಯತ್ ಮುಂದೆ ಇಲ್ಲದಿದ್ರೂ ಆಗ್ತದಲ್ಲ?"

ಅಸರ್ ಎಂದರೆ ಇಳಿಹೊತ್ತಿನ ನಮಸ್ಕಾರ. ದೂರದಲ್ಲಿ ತೀರಿಕೊಂಡವರಿಗೆ, ದೇಹ ಎದುರಿಗೆ ಇಲ್ಲದೆಯೂ ಆ ಕೊನೆಯ ನಮಸ್ಕಾರ ಸಲ್ಲಿಸುವ ಕ್ರಮ ಅವರಲ್ಲಿ ಉಂಟು. ಕಡಲು ದಾಟಿ ದುಡಿಯುವವರ ಊರಿಗೆ ಅದು ಬೇಕಾಗುತ್ತದೆ.

"ಆಗ್ತದೆ," ಎಂದರು ಉಸ್ತಾದರು. "ಆದರೆ ಮರಣ ಖಚಿತ ಆಗಬೇಕು. ಇದು ಖಚಿತವಾ?"

ನನ್ನ ಸಂಪಾದಕರು ಕೇಳುತ್ತಿದ್ದ ಪ್ರಶ್ನೆ! ಅವರಿಗೆ ನಾನು ಎಷ್ಟೋ ಸಲ ಹೊಗೆಯ ಮಧ್ಯೆ ನಿಂತು, ಎದೆ ಉಬ್ಬಿಸಿ, ಖಚಿತ ಎಂದಿದ್ದೇನೆ. ಈಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಕೊನೆಯ ಗಬರ್ ಕೂಡ ನೀವೆಯಾ ಅಣ್ಣ?" ಉಸ್ತಾದರು ಕೇಳಿದರು. "ಅದರ ಹಿಂದೆ ಅಬು ಅಂತ ಇದ್ದ ಹಾಗೆ ಕಾಣುವುದಿಲ್ಲ."

"ನಾನೇ. ಫೋನಿನಲ್ಲಿ ನುಂಗಿಹೋಗಿದೆ. ಅವ ಯಾವಾಗಲೂ ಎರಡು ಸಲ ಕರೀತಾನೆ."

ಅವನು ಎರಡು ಸಲ ಕರೆಯುವವನಲ್ಲ. ಆದರೆ ಆ ಕ್ಷಣಕ್ಕೆ ಅದು ನನಗೇ ನಿಜ ಅನಿಸಿತು, ನಿಜವಾಗಬೇಕಾಗಿತ್ತು. ಮಸೀದಿಯ ಮೈಕಿನಲ್ಲಿ ಒಮ್ಮೆ ಹೆಸರು ಹೇಳಿದರೆ ಮುಗಿಯಿತು, ಗಲ್ಫಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಆ ಹುಡುಗ ಸತ್ತ. ಆಮೇಲೆ ಜೀವಂತ ಬಂದು ನಿಂತರೂ ತಾಯಿಯ ಎದೆಯಿಂದ ಆ ಹೊತ್ತನ್ನು ಯಾರೂ ತೆಗೆಯಲಾರರು.

"ಅಸರಿಗೆ ಇನ್ನೂ ಹೊತ್ತುಂಟು," ಎಂದರು ಉಸ್ತಾದರು. "ಅಷ್ಟರವರೆಗೆ ಕಾಯುವ."

ನಾನು ಫಿಕ್ಸರನಿಗೆ ಕರೆ ಮಾಡುತ್ತಲೇ ಹೋದೆ. ಒಮ್ಮೆ ಅರಬಿಯಲ್ಲಿ ಫೋನು ಕಂಪನಿಯ ಹೆಂಗಸಿನ ಧ್ವನಿ, ಒಮ್ಮೆ ಏನೂ ಇಲ್ಲ. ಗೆಳೆಯ ಅಂಗಳದಲ್ಲಿ ಒಣಗಲು ಹಾಕಿದ ಬಲೆಯನ್ನು ಸುಮ್ಮನೆ ಮಡಚುತ್ತಿದ್ದ, ಬಿಡಿಸುತ್ತಿದ್ದ. ಆಕೆ ಒಳಗೆ ಹೋಗಿ ನನಗೆ ಚಹ ತಂದಿಟ್ಟಳು, ಸಕ್ಕರೆ ಹಾಕಿರಲಿಲ್ಲ. ಸೇನಾಪತಿಗೆ ಗದರಿದವನು ನಾನು. ಬಾಯಿ ಮುಚ್ಚಿ ಕುಡಿದೆ.

ನನ್ನ ಕಸುಬಿನಲ್ಲಿ ಇಂಥ ಜಗಲಿಗಳಿಗೆ ನಾನು ಹೋಗಿದ್ದೇನೆ, ಎಷ್ಟೋ ದೇಶಗಳಲ್ಲಿ. ನಿಮಗೆ ಈಗ ಏನನಿಸುತ್ತದೆ ಎಂದು ತಾಯಂದಿರನ್ನು ಕೇಳಿದ್ದೇನೆ. ಅವರು ಹೇಳಿದ್ದು ಚೆನ್ನಾಗಿ ಬಂದರೆ ಒಳಗೊಳಗೇ ಖುಷಿಪಟ್ಟಿದ್ದೇನೆ. ನನ್ನ ಪುಸ್ತಕವನ್ನು ಜನ ಹೊಗಳಿದ್ದು ಹೆಚ್ಚಾಗಿ ಆ ಪುಟಗಳಿಗಾಗಿ. ಆದರೆ ಆ ಪ್ರಶ್ನೆ ಕೇಳಿದ ಮೇಲೆ ನಾನು ಎದ್ದು ಕಾರಿಗೆ ಹೋಗುತ್ತಿದ್ದೆ. ಚಹ ಆರುವವರೆಗೆ ಕೂತದ್ದು ಇದೇ ಮೊದಲು.

ಉಸ್ತಾದರು ಮಸೀದಿಗೆ ಹೋಗಲೆಂದು ಎದ್ದರು. ಮೆಟ್ಟಿಲಿನಲ್ಲಿ ಚಪ್ಪಲಿಗೆ ಕಾಲು ತೂರಿಸಿದ್ದರು, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಅವನೇ.

ನಾನು ಫೋನು ಹಿಡಿದು ಅಂಗಳಕ್ಕೆ ಇಳಿಯಲು ಹೊರಟೆ. ಹಳೆಯ ಚಾಳಿ: ಸುದ್ದಿಯನ್ನು ಮೊದಲು ಒಬ್ಬನೇ ಕೇಳಬೇಕು, ಆಮೇಲೆ ಲೋಕಕ್ಕೆ ಹೇಳಬೇಕು. ಆಕೆ ಮುಂದೆ ಬಂದು ಅಡ್ಡ ನಿಂತಳು.

"ಇಲ್ಲಿಯೇ ಮಾತಾಡಿ ಅಣ್ಣ. ನಿಮ್ಮ ಬಾಯಿಂದ ಬಂದದ್ದು ನನಗೆ ಬೇಡ. ಅವರ ಬಾಯಿಂದಲೇ ಬರಲಿ."

ಸರಿ ಎಂದು ಅಲ್ಲಿಯೇ ನಿಂತು ನಾನೇ ಸ್ಪೀಕರ್ ಒತ್ತಿದೆ. ಯುದ್ಧಗಳನ್ನು ನೋಡಿದ ಕೈ, ಒಂದಿಷ್ಟೂ ನಡುಗಲಿಲ್ಲ.

"ಯಾ ಅಬು ಗಬರ್!"

ಉಸ್ತಾದರ ಹುಬ್ಬು ಮೇಲೇರಿತು. "ಅರೆ, ನಿಜವಾಗಿಯೂ ನಿಮ್ಮ ಹೆಸರೇ!" ಗೆಳೆಯ ಬಲೆ ಬಿಟ್ಟು ಓಡಿ ಬಂದ. ಫಿಕ್ಸರ್ ಗಡಿಬಿಡಿಯಿಂದ ಅರಬಿಯಲ್ಲಿ ಒಂದು ವಾಕ್ಯ ಹೇಳಿದ. ನಾನು ಅನುವಾದಿಸಲು ಬಾಯಿ ತೆರೆಯುವುದರೊಳಗೆ ಫೋನು ಬೇರೆಯವರ ಕೈಗೆ ಹೋದ ಸದ್ದು.

"ಉಮ್ಮಾ…"

ಗೆಳೆಯ ಮೆಟ್ಟಿಲಿನ ಮೇಲೆಯೇ ಕುಸಿದು ಕೂತ. ಅವನ ಹೆಂಡತಿ ಮಾತ್ರ ಫೋನನ್ನು ನೋಡಲಿಲ್ಲ, ನನ್ನ ಬಾಯಿಯನ್ನು ನೋಡಿದಳು. ಬೆರಳು ತೋರಿಸಿ, "ನೀವು ಬಾಯಿಗೆ ಕೈ ಅಡ್ಡ ಹಿಡಿದು ಕೂತುಕೊಳ್ಳಿ," ಎಂದಳು. ನಾನು ಕೂತೆ. ಎರಡೂ ಕೈ ಹಿಡಿದೆ. ಆಮೇಲೆ ಆಕೆ ಫೋನಿಗೆ ಬಗ್ಗಿ, ಅಂಗಡಿಯವನ ಹತ್ತಿರ ಚೌಕಾಸಿ ಮಾಡುವ ಧ್ವನಿಯಲ್ಲಿ ಕೇಳಿದಳು:

"ನಾನು ಕೊಟ್ಟ ಕಲ್ಲುಮ್ಮಕಾಯಿಯ ಉಪ್ಪಿನಕಾಯಿ ಮುಗೀತಾ?"

ಕಲ್ಲುಮ್ಮಕಾಯಿ ಎಂದರೆ ಕಡಲ ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಮೀನು.

"ಎಂತ ಉಪ್ಪಿನಕಾಯಿ ಉಮ್ಮಾ? ಅದನ್ನು ಏರ್‌ಪೋರ್ಟಿನಲ್ಲಿಯೇ ತೆಗೆಸಿದ್ರಲ್ಲ! ನೀವು ಆ ಪೊಲೀಸಿಗೆ ಬೈದದ್ದು ಮರೆತುಹೋಯ್ತಾ?"

ಆಗ ಆಕೆ ಅತ್ತಳು. ಎಷ್ಟು ಅತ್ತಳೆಂದರೆ ಮಗನಿಗೆ ಗಾಬರಿಯಾಗಿ, ಊರಿನಲ್ಲಿ ಯಾರಿಗೆ ಎಂತ ಆಯಿತೆಂದು ಅವನೇ ಕೇಳತೊಡಗಿದ.

ಬಾಂಬು ಬಿದ್ದಾಗ ಅವನು ಹಿಟ್ಟು ತರಲು ಗೋದಾಮಿಗೆ ಹೋಗಿದ್ದನಂತೆ. ಫೋನು ಬೇಕರಿಯಲ್ಲಿ ಉಳಿಯಿತು, ಬೇಕರಿ ಉಳಿಯಲಿಲ್ಲ. ಹಿಟ್ಟಿನ ಲಾರಿಯಲ್ಲಿಯೇ ಒಳನಾಡಿಗೆ ಓಡಿ, ನಿರಾಶ್ರಿತರು ತುಂಬಿದ್ದ ಶಾಲೆಯೊಂದರಲ್ಲಿ ರೊಟ್ಟಿ ಸುಡುತ್ತಿದ್ದ. ಮಣ್ಣಿನ ರಸ್ತೆಗಳಲ್ಲಿ, ಬಂದೂಕು ಹಿಡಿದವರ ತಡೆಗಳನ್ನು ದಾಟಿ ದಾಟಿ, ಹಿಂದೂಸ್ತಾನದ ಹುಡುಗ ರೊಟ್ಟಿ ಮಾಡುವುದೆಲ್ಲಿ ಎಂದು ಕೇಳಿಕೊಂಡು ಫಿಕ್ಸರ್ ಅಲ್ಲಿಗೆ ಮುಟ್ಟಿದ್ದ.

ಕೊನೆಗೆ ಫೋನು ಅವನ ಕೈಗೆ ಬಂತು. ನಾನು ಹಳೆಯ ಧಾಟಿಯಲ್ಲಿಯೇ ಅರಬಿಯಲ್ಲಿ ಬೈದೆ: "ಕತ್ತೆ, ಪೂರ್ತಿ ಹೇಳಬಾರದಿತ್ತಾ? ಇಲ್ಲಿ ಒಂದು ಮನೆ ನಿಂತೇ ಸತ್ತಿತ್ತು."

ಅವನು ನಗಲಿಲ್ಲ. "ಹೇಳಿದ್ದೆನಲ್ಲ," ಎಂದ. "ಸುದ್ದಿ ಉಂಟು, ಇಲ್ಲಿ ಸೇರಿದವರಲ್ಲಿ ಒಬ್ಬ ಫೋಟೋ ನೋಡಿ ಹುಡುಗ ಇರುವ ಜಾಗ ಹೇಳಿದ್ದಾನೆ, ಗಬರ್ ಮುಚ್ಚಿ ಆದ ಕೂಡಲೇ ಹೊರಡುತ್ತೇನೆ ಅಂತ."

ನನಗೆ ಅರ್ಥವಾಗುವ ಮೊದಲೇ ಉಸ್ತಾದರಿಗೆ ಅರ್ಥವಾಯಿತು. ಅವರು ಚಪ್ಪಲಿಯಿಂದ ಕಾಲು ಹೊರಗೆ ತೆಗೆದರು. "ಅಣ್ಣ, ಯಾರ ಗೋರಿ ಅಂತ ಕೇಳಿ," ಎಂದರು.

ಅವನ ಅಣ್ಣನದ್ದು. ನಮ್ಮ ಮಧ್ಯಾಹ್ನ ಅವರಿಗೆ ಬೆಳಿಗ್ಗೆ. ಆಗ ಮಣ್ಣು ಮಾಡಿ, ಕೈ ತೊಳೆದುಕೊಂಡು, ಗಾಡಿ ಹತ್ತಿ ನಮ್ಮ ಹುಡುಗನನ್ನು ಹುಡುಕಲು ಹೊರಟಿದ್ದ. ಸಂದೇಶ ಕಳಿಸುವಾಗ ಅವನು ಗೋರಿಯ ಬದಿಯಲ್ಲಿಯೇ ನಿಂತಿದ್ದ. ನಾನು ನನ್ನದೆಂದು ಹಠ ಹಿಡಿದ ಎರಡನೆಯ ಗಬರ್ ಅದು.

ಕರೆ ಮುಗಿದ ಮೇಲೆ ಗೆಳೆಯ ಮುಖ ತೊಳೆದು ಬಂದ. "ಉಸ್ತಾದ್," ಎಂದ, "ಅಸರ್ ಆದ ಮೇಲೆ ಆ ನಮಸ್ಕಾರ ಮಾಡುವ. ಈಗ ಖಚಿತ ಆಯ್ತಲ್ಲ."

"ಮಾಡುವ. ತೀರಿಕೊಂಡವರ ಹೆಸರೆಂತ ಅಣ್ಣ?" ಉಸ್ತಾದರು ನನ್ನನ್ನು ಕೇಳಿದರು.

ಆ ಅಣ್ಣನ ಮನೆಯ ಚಾಪೆಯ ಮೇಲೆ ನಾನು ಮಲಗಿದ್ದೇನೆ. ಅವನ ಹೆಂಡತಿ ಮಾಡಿದ ಬೀನ್ಸಿನ ಸಾರನ್ನು ನನ್ನ ಪುಸ್ತಕದಲ್ಲಿ ಹೊಗಳಿದ್ದೇನೆ, ಚೆನ್ನಾಗಿಯೇ ಹೊಗಳಿದ್ದೇನೆ. ಹೆಸರು ಕೇಳಿರಲಿಲ್ಲ.

"ಹೆಸರು ಇಲ್ಲದಿದ್ರೂ ಆಗ್ತದೆ," ಎಂದರು ಉಸ್ತಾದರು, ನನ್ನ ಮುಖ ನೋಡಿ. "ಮನಸ್ಸಿನಲ್ಲಿ ನೆನೆಸಿದ್ರೆ ಸಾಕು."

ಶಿರಿಯದ ಮಸೀದಿಯಲ್ಲಿ ಅವತ್ತು ಕಡಲಾಚೆಯ ಒಬ್ಬನಿಗಾಗಿ ಸಾಲಾಗಿ ನಿಂತರು. ಎದುರು ಸಾಲಿನಲ್ಲಿ ನನ್ನ ಗೆಳೆಯ. ನಾನು ಹೊರಗೆ ಚಪ್ಪಲಿಗಳ ಬಳಿ ನಿಂತಿದ್ದೆ, ಫೋನು ಕೈಯಲ್ಲಿತ್ತು. ಮುಗಿಸಿ ಹೊರಗೆ ಬಂದವನು ನನ್ನ ಭುಜಕ್ಕೆ ಭುಜ ತಾಗಿಸಿ, "ಬಾರಾ ಗೋರಿಗಳ ಅಪ್ಪ, ಚಹ ಕುಡಿಯುವ. ಈ ಸಲ ಸಕ್ಕರೆ ಹಾಕ್ತಾಳೆ," ಎಂದ.

ಈಗ ಪಂಥದ ಮಾತು. ಉಪ್ಪಿನಕಾಯಿ ಸುಳ್ಳು ಎಂದಿರಾ? ಸೇತುವೆಯ ರೈಲು? ಗೋಳಿಬಜೆ ಇಲ್ಲ ನಿಮಗೆ. ಗೋರಿಗಳ ಅಪ್ಪ ನಾನೇ, ಬೇಕಾದರೆ ಉಸ್ತಾದರನ್ನು ಕೇಳಿ. ನಾನು ಹುಟ್ಟಿಸಿದ್ದು ಒಂದೇ: ಸ್ಪೀಕರ್ ನಾನೇ ಒತ್ತಿದೆ ಎಂದದ್ದು. ಒತ್ತಿದ್ದು ನಾನಲ್ಲ. ನನ್ನ ಬೆರಳು ಆ ಗುಂಡಿಯ ಸುತ್ತ ನಡುಗುತ್ತಾ ಗಾಜಿನ ಮೇಲೆಲ್ಲ ಅಲೆಯುತ್ತಿತ್ತು. ಆಕೆಯೇ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ತನ್ನ ಹೆಬ್ಬೆರಳಿನಿಂದ ಒತ್ತಿದಳು.